ಕಾಲೇಜಿನಲ್ಲಿ ಪಕ್ಷಿವೀಕ್ಷಣೆ ಕ್ಲಬ್ ಶುರು ಮಾಡೋದು ಹೇಗೆ?

ಪ್ರಶ್ನೆ: ಜಯನಗರದ ಕಡೆ ಡಿಗ್ರಿ ಕಾಲೇಜು. ಆಸಕ್ತರು ಎಂಟು ಜನ ಇದ್ದೇವೆ, ಬೈನಾಕ್ಯುಲರ್ ಒಂದೂ ಇಲ್ಲ. ಪ್ರಿನ್ಸಿಪಾಲರಿಗೆ ಏನು ಬರೆದು ಕೊಡಬೇಕು? ಯಾವ ತಿಂಗಳು ಒಳ್ಳೆಯದು?

ಉತ್ತರ 1: ಎಂಟು ಜನ ಧಾರಾಳ ಸಾಕು. ಮೊದಲು ಒಬ್ಬ ಅಧ್ಯಾಪಕರನ್ನು ಒಪ್ಪಿಸಿ. ಅವರ ಸಹಿ ಇಲ್ಲದ ಅರ್ಜಿ ಮೇಜಿನ ಮೇಲೇ ಉಳಿಯುತ್ತೆ. ಅರ್ಜಿ ಒಂದೇ ಪುಟ ಇರಲಿ: ಉದ್ದೇಶ, ಸದಸ್ಯರ ಹೆಸರು, ಮೂರು ತಿಂಗಳ ಕಾರ್ಯಕ್ರಮ, ಖರ್ಚು. ಪದಾಧಿಕಾರಿಗಳಲ್ಲಿ ಇಬ್ಬರಾದರೂ ಮೊದಲ ವರ್ಷದವರಿರಬೇಕು. ಎಲ್ಲರೂ ಕೊನೇ ವರ್ಷದವರಾದರೆ ಅವರ ಜೊತೆಗೇ ಕ್ಲಬ್ಬೂ ಹೊರಟುಹೋಗುತ್ತೆ.

ಉತ್ತರ 2: ಅಕ್ಟೋಬರ್‌ನಲ್ಲಿ ಶುರು ಮಾಡಿ. ಬೂದು ಸಿಪಿಲೆಯಂಥ ವಲಸೆ ಹಕ್ಕಿಗಳು ಆಗ ಬಂದಿರುತ್ತವೆ. ಬೆಳಿಗ್ಗೆ 6.30ರಿಂದ 8.30. ಮೊದಲ ನಾಲ್ಕು ವಾರ ಕ್ಯಾಂಪಸ್ಸಿನೊಳಗೇ ನೋಡಿ, ಆಮೇಲೆ ಲಾಲ್‌ಬಾಗ್ ಕೆರೆ ದಂಡೆ. ಒಂದು ಗುಂಪಿಗೆ ಹತ್ತು ಜನಕ್ಕಿಂತ ಹೆಚ್ಚು ಬೇಡ. ಬೈನಾಕ್ಯುಲರ್ ಎರಡು ಸಾಕು, 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸೋ, 42 ಮಿ.ಮೀ. ಅಗಲದ ಮುಂದಿನ ಮಸೂರ ಇರೋದು) ತಗೊಳ್ಳಿ. 10 ಪಟ್ಟಿನದರಲ್ಲಿ ಕೈ ನಡುಕವೂ ದೊಡ್ಡದಾಗಿ ಕಾಣುತ್ತೆ, ಹೊಸಬರಿಗೆ ಹಕ್ಕಿ ಸಿಗೋದೇ ಕಷ್ಟ.

ಉತ್ತರ 3: ದಾಖಲೆ ಮರೀಬೇಡಿ. ಕಂಡ ಹಕ್ಕಿಗಳನ್ನು ದಾಖಲಿಸೋ ಇ-ಬರ್ಡ್ ಜಾಲತಾಣದಲ್ಲಿ ಕ್ಲಬ್ಬಿನ ಹೆಸರಲ್ಲಿ ಖಾತೆ ತೆರೆದು ಪ್ರತಿ ನಡಿಗೆಯ ಪಟ್ಟಿ ಹಾಕಿ. ಫೆಬ್ರವರಿಯಲ್ಲಿ ನಾಲ್ಕು ದಿನದ ಕ್ಯಾಂಪಸ್ ಪಕ್ಷಿ ಗಣತಿ ಇರುತ್ತೆ. ಕನಿಷ್ಠ 15 ನಿಮಿಷ ನೋಡಿ, ಕಂಡ ಜಾತಿಗಳನ್ನೆಲ್ಲ ಸಂಖ್ಯೆ ಸಮೇತ ಬರೀಬೇಕು. ಕಾಗೆ, ಪಾರಿವಾಳ ಅಂತ ಬಿಟ್ಟರೆ ಪಟ್ಟಿ ಅಪೂರ್ಣ. ಗೂಡಿನ ಹತ್ತಿರ ಮಾತ್ರ ಯಾರನ್ನೂ ಬಿಡಬೇಡಿ. ತಾಯಿ ಹಕ್ಕಿ ಎದ್ದುಹೋದರೆ ಮೊಟ್ಟೆ ಕಾಗೆ ಪಾಲು.