ಸಹಾಯ ಬೇಕು: ಶಿರಸಿಯ ಮದುವೆಗೆ ಹಿಂದೂಸ್ತಾನಿ ವಾದ್ಯತಂಡ

ಎಲ್ಲರಿಗೂ ನಮಸ್ಕಾರ. ಬರುವ ಮಾಘ ಮಾಸದಲ್ಲಿ ಶಿರಸಿಯ ನಮ್ಮ ಮನೆಯಂಗಳದಲ್ಲಿ ನಡೆಯಲಿರುವ ತಂಗಿಯ ಮದುವೆಗೆ ಬಾನ್ಸುರಿ, ವಯೊಲಿನ್, ತಬಲಾ, ತಾನ್ಪುರಗಳಷ್ಟೇ ಇರುವ ಚಿಕ್ಕ ಶಾಸ್ತ್ರೀಯ ವಾದ್ಯತಂಡವೊಂದು ಬೇಕಾಗಿದ್ದು, ಕಾರವಾರ, ಕುಮಟಾ, ಹೊನ್ನಾವರ ಅಥವಾ ಹುಬ್ಬಳ್ಳಿ-ಧಾರವಾಡದ ಕಡೆಯ ಕಲಾವಿದರನ್ನು ಬಲ್ಲವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ. ಮುಹೂರ್ತದ ಗಟ್ಟಿಮೇಳಕ್ಕೆ ಎಂದಿನಂತೆ ನಮ್ಮೂರಿನ ಪಂಚವಾದ್ಯದವರೇ ಬರುತ್ತಾರೆ. ಅವರ ಜಾಗವನ್ನು ಬೇರೆಯವರಿಗೆ ಕೊಡುವ ವಿಚಾರ ಖಂಡಿತ ಇಲ್ಲ.

ಬೆಳಿಗ್ಗೆ ದಿಬ್ಬಣ ಬಂದು ಆಸರಿಗೆ (ಪಾನೀಯಕ್ಕೆ) ಕುಳಿತಾಗ ಅಹಿರ್ ಭೈರವ ಅಥವಾ ತೋಡಿ, ಮಧ್ಯಾಹ್ನ ಊಟದ ಪಂಕ್ತಿ ಕೂರುವಾಗ ವೃಂದಾವನಿ ಸಾರಂಗ, ಹೀಗೆ ಹೊತ್ತಿಗೆ ತಕ್ಕ ರಾಗಗಳನ್ನು ನೆಂಟರಿಷ್ಟರ ಮಾತಿಗೂ ಪುರೋಹಿತರ ಮಂತ್ರಕ್ಕೂ ಅಡ್ಡಿಯಾಗದಂತೆ ಮೆಲ್ಲಗೆ ನುಡಿಸಬೇಕೆಂಬುದು ತಂಗಿಯ ಬಹುದಿನದ ಆಸೆ. ಸಿನಿಮಾ ಹಾಡುಗಳು ಬೇಡ.

ಇಬ್ಬನಿಗೆ ತಬಲಾದ ಶ್ರುತಿ ಇಳಿಯುತ್ತದೆ, ಬಿಸಿಲೇರಿದಂತೆ ಏರುತ್ತದೆ. ಆದ್ದರಿಂದ ಕಲಾವಿದರನ್ನು ಅಡಿಕೆ ಸೋಗೆಯ ಚಪ್ಪರದಡಿ ಕೂರಿಸುವುದು ಸರಿಯೇ, ಜಗಲಿಯೇ ಲೇಸೇ ಎಂಬುದನ್ನು ಅನುಭವವಿದ್ದವರು ಹೇಳಬೇಕು. ಸಂಭಾವನೆ, ಮುಂಗಡ, ಪ್ರಯಾಣ ಮತ್ತು ವಸತಿಯ ವೆಚ್ಚಗಳನ್ನು ಸಾಮಾನ್ಯವಾಗಿ ಹೇಗೆ ನಿಗದಿಪಡಿಸುತ್ತಾರೆ? ಮೈಕಿನ ವ್ಯವಸ್ಥೆಯನ್ನು ತಂಡದವರೇ ತರುತ್ತಾರೆಯೇ, ಅಥವಾ ಅದನ್ನು ನಾವು ಬೇರೆಯಾಗಿ ಗೊತ್ತುಮಾಡಬೇಕೇ?