ಶಾಲೆ ಬೋರ್‌ವೆಲ್‌ನಲ್ಲಿ ಫ್ಲೋರೈಡ್: ಊರವರು ಸೇರಿ ಎಲ್ಲಿಂದ ಶುರು ಮಾಡೋದು?

ಎಸ್‌ಡಿಎಂಸಿ_ಜಗಳೂರು
ನಮ್ಮೂರ ಸರ್ಕಾರಿ ಶಾಲೇಲಿ 80 ಮಕ್ಕಳಿದಾರೆ. ಬೋರ್ ನೀರಿನ ವರದಿಯಲ್ಲಿ ಫ್ಲೋರೈಡ್ ಲೀಟರಿಗೆ 2.8 ಮಿ.ಗ್ರಾಂ ಬಂದಿದೆ. ಏಳನೇ ತರಗತಿಯ ಕೆಲವರ ಮುಂದಿನ ಹಲ್ಲಲ್ಲಿ ಕಂದು ಪಟ್ಟೆಗಳಿವೆ. ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತೀವಿ, ಬಿಸಿಯೂಟ ಮಾತ್ರ ಬೋರ್ ನೀರಲ್ಲೇ. ಕುದಿಸಿದರೆ ಸಾಕು ಅಂತಾರೆ, ಹೌದಾ? ಪಂಚಾಯ್ತಿಯವರನ್ನ ಏನು ಕೇಳಬೇಕು?

ನೀರು_ಪರೀಕ್ಷೆ
ಕುದಿಸಿದರೆ ರೋಗಾಣು ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ಆವಿ ಹೋದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚುತ್ತೆ. ಫ್ಲೋರೈಡ್ ಮಿತಿ ಲೀಟರಿಗೆ 1.0 ಮಿ.ಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ.

ಮೊದಲು ಅಡುಗೆ ನೀರು ಬದಲಿಸಿ ಸರ್. ಅನ್ನ ಹೀರಿದ ನೀರು, ಸಾರಿನ ನೀರು, ಹಾಲಿನ ಪುಡಿ ಕಲಸಿದ ನೀರು ಎಲ್ಲ ಹೊಟ್ಟೆಗೇ ಹೋಗೋದು. ಮಗುವಿಗೆ ಕುಡಿಯೋಕೆ 1 ಲೀಟರ್, ಅಡುಗೆಗೆ ಒಂದೂವರೆ ಹಿಡಿದರೆ ದಿನಕ್ಕೆ 200 ಲೀಟರ್, ಅಂದ್ರೆ 20 ಲೀಟರಿನ 10 ಕ್ಯಾನ್. ತಟ್ಟೆ ತೊಳೆಯೋಕೆ ಬೋರ್ ನೀರು ಸಾಕು.

ಘಟಕದಿಂದ ಬರೋ ನೀರನ್ನೂ ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಕಳಿಸಿ. ಟಿಡಿಎಸ್ ಮೀಟರ್ (ನೀರಲ್ಲಿ ಕರಗಿರೋ ಒಟ್ಟು ಲವಣ ತೋರಿಸೋದು) ಫ್ಲೋರೈಡ್ ಅಳೆಯಲ್ಲ. ಅದರಲ್ಲಿ ಕಡಿಮೆ ಬಂತು ಅಂತ ನಂಬಿ ಕೂರಬೇಡಿ. ಸ್ಯಾಂಪಲ್‌ಗೆ ಪ್ಲಾಸ್ಟಿಕ್ ಬಾಟಲಿಯೇ ಬೇಕು, ಗಾಜಿನದ್ದು ಬೇಡ. ನಲ್ಲಿ ಐದು ನಿಮಿಷ ಬಿಟ್ಟು, ಅದೇ ನೀರಲ್ಲಿ ಮೂರು ಸಲ ಬಾಟಲಿ ತೊಳೆದು ತುಂಬಿಸಿ.

ಆರೋಗ್ಯ_ಚಳ್ಳಕೆರೆ
ಅಂಗನವಾಡಿಯನ್ನ ಮರೆತಿದ್ದೀರಿ. ಮುಂದಿನ ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳೋದು ಹೆಚ್ಚೂಕಡಿಮೆ ಎಂಟು ವರ್ಷದೊಳಗೆ. ಏಳನೇ ತರಗತಿಯವರ ಪಟ್ಟೆ ನೀರು ಬದಲಿಸಿದರೂ ಅಳಿಯಲ್ಲ (ಅವರ ಮೂಳೆಗೆ ಒಳ್ಳೇ ನೀರು ಬೇಕೇ ಬೇಕು), ಆದರೆ ಮೂರು ವರ್ಷದ ಮಗುವಿನ ಹಲ್ಲು ಈಗಲೂ ಉಳಿಸಬಹುದು. ಕ್ಯಾನ್ ಲೆಕ್ಕದಲ್ಲಿ ಅಂಗನವಾಡಿಯನ್ನೂ ಸೇರಿಸಿ.

ರಕ್ತಹೀನತೆಯನ್ನೂ ಜೊತೆಗೇ ನೋಡಿಕೊಳ್ಳಿ. ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡ ಬಂದಾಗ ಹಿಮೋಗ್ಲೋಬಿನ್ ನೋಡಲು ಹೇಳಿ. ವಾರದ ಕಬ್ಬಿಣಾಂಶದ ಮಾತ್ರೆ 1ರಿಂದ 5ನೇ ತರಗತಿಗೆ ಗುಲಾಬಿ (45 ಮಿ.ಗ್ರಾಂ), ಮೇಲಿನವರಿಗೆ ನೀಲಿ (60 ಮಿ.ಗ್ರಾಂ). ಬೆಳಿಗ್ಗೆ ಹಾಲಿನ ಜೊತೆ ಕೊಡಬೇಡಿ, ಕಬ್ಬಿಣ ಸರಿಯಾಗಿ ಹೀರಲ್ಲ. ಖಾಲಿ ಹೊಟ್ಟೇಲಿ ಕೊಟ್ಟರೆ ವಾಕರಿಕೆ ಬಂದು, ಮುಂದಿನ ವಾರ ಮಕ್ಕಳು ಮಾತ್ರೆಯನ್ನ ಬಿಸಾಕ್ತಾರೆ. ಊಟ ಆದಮೇಲೆ ಮೇಷ್ಟ್ರ ಎದುರಲ್ಲೇ ನುಂಗಲಿ. ಮಲ ಕಪ್ಪಗಾಗುತ್ತೆ ಅಂತ ತಾಯಂದಿರಿಗೆ ಮೊದಲೇ ಹೇಳಿ, ಇಲ್ಲಾಂದ್ರೆ ಹೆದರಿ ನಿಲ್ಲಿಸಿಬಿಡ್ತಾರೆ. ಸಾರಿಗೆ ನುಗ್ಗೆಸೊಪ್ಪು, ಮೇಲೆ ನಿಂಬೆಹುಳಿ ಹಾಕಿಸಿ.

ಎಸ್‌ಡಿಎಂಸಿ_ಜಗಳೂರು
ಉಪಯೋಗ ಆಯ್ತು ಮೇಡಂ. ಘಟಕ ಕೆಟ್ಟರೆ ವಾರಗಟ್ಟಲೆ ರಿಪೇರಿ ಆಗಲ್ಲ. ಆಗೇನು ಮಾಡೋದು?

ಮಳೆನೀರು_ಹಿರಿಯೂರು
ಅದಕ್ಕೇ ಮಳೆನೀರು ಇಟ್ಟುಕೊಳ್ಳಬೇಕು. 100 ಚದರ ಮೀಟರ್ ಆರ್‌ಸಿಸಿ ಚಾವಣಿ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 800 ಲೀಟರ್ ಸಿಗುತ್ತೆ. ಮೊದಲ 200 ಲೀಟರ್ ಹೊರಗೆ ಬಿಡೋ ಪೈಪು ಇರಲೇಬೇಕು, ಹಕ್ಕಿ ಹಿಕ್ಕೆ, ಧೂಳು ಅದರಲ್ಲೇ ಹೋಗುತ್ತೆ. 10,000 ಲೀಟರ್ ಸಂಪ್ ಇದ್ದರೆ ನಿಮ್ಮ ಲೆಕ್ಕಕ್ಕೆ 50 ಶಾಲಾ ದಿನ. ಮುಚ್ಚಳ ಬಿಗಿಯಾಗಿರಲಿ, ಬೆಳಕು ಬಿದ್ದರೆ ಪಾಚಿ, ಸಂದಿ ಇದ್ದರೆ ಸೊಳ್ಳೆ. ಕುಡಿಯೋ ಮುಂಚೆ ಕುದಿಸಿ; ಇದರಲ್ಲಿ ಫ್ಲೋರೈಡ್ ತಾಪತ್ರಯ ಇಲ್ಲ.

ಪಂಚಾಯ್ತಿಗೆ ಬಾಯಿಮಾತಲ್ಲಿ ಹೇಳಿದರೆ ಆಗಲ್ಲ. ಲ್ಯಾಬ್ ವರದಿ ಲಗತ್ತಿಸಿ ಗ್ರಾಮಸಭೇಲಿ ಅರ್ಜಿ ಕೊಟ್ಟು, ನಡಾವಳಿಯಲ್ಲಿ ಬರೆಸಿ: ಸಂಪ್ ಯಾರ ಖರ್ಚು, ಕ್ಯಾನ್ ತರೋದು ಯಾರು, ಫಿಲ್ಟರ್ ಬದಲಿಸೋರು ಯಾರು. ಕಟ್ಟೋಕೆ ಹಣ ಸಿಗುತ್ತೆ, ನಿರ್ವಹಣೆ ಯಾರ ತಲೆಗೂ ಬರೆದಿರಲ್ಲ, ಕೆಲಸ ಹಳ್ಳ ಹಿಡಿಯೋದು ಅಲ್ಲೇ.