ಫ್ಲೋರೈಡ್ ಕಲೆಯ ಹಲ್ಲುಗಳಿಗೆ ವಿನಿಯರ್ ಹಾಕಿಸುವುದು ಸರಿಯೇ?

ಪ್ರಶ್ನೆ (ಹುನಗುಂದದ ಓದುಗ): ಬೋರ್‌ವೆಲ್ ನೀರು ಕುಡಿದೇ ಬೆಳೆದ ನನ್ನ ತಂಗಿಯ ಮೇಲ್ದವಡೆಯ ಮುಂದಿನ ನಾಲ್ಕು ಹಲ್ಲುಗಳಲ್ಲಿ ಕಂದು ಪಟ್ಟೆಗಳಿದ್ದು, ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಮದುವೆ ಗೊತ್ತಾಗಿರುವುದರಿಂದ ಪಿಂಗಾಣಿ ವಿನಿಯರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ) ಹಾಕಿಸಬೇಕೆಂದಿದ್ದೇವೆ. ಅದಕ್ಕಾಗಿ ಹಲ್ಲನ್ನು ಸವೆಸಬೇಕಂತೆ. ಮುಂದೆ ತೊಂದರೆಯಾಗದೇ?

ಬಾಗಲಕೋಟೆಯ ದಂತವೈದ್ಯೆ: ನೀವು ಹೇಳುವುದು ಫ್ಲೋರೈಡ್ ಹೆಚ್ಚಾಗಿ ಹಲ್ಲು ಕೆಡುವ ಫ್ಲೋರೋಸಿಸ್‌ನಂತೆ ತೋರುತ್ತದೆ, ಆದರೆ ಹಲ್ಲು ನೋಡದೆ ಖಚಿತವಾಗಿ ಹೇಳಲಾಗದು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದು. ಮಿತಿಮೀರಿದರೆ, ಸುಮಾರು 8 ವರ್ಷದೊಳಗಿನ ಮಕ್ಕಳಲ್ಲಿ ದವಡೆಯೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಎನಾಮಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ಕೆಡುತ್ತದೆ. ಹೀಗಾಗಿ ಈಗ ನೀರು ಬದಲಿಸಿದರೂ ಹಳೆಯ ಕಲೆ ಹೋಗದು.

ವಿನಿಯರ್ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪದರ. ಅದಕ್ಕೆ ಜಾಗ ಮಾಡಲು ಹೆಚ್ಚುಕಡಿಮೆ ಅಷ್ಟೇ ಎನಾಮಲ್ ತೆಗೆಯುತ್ತೇವೆ. ತೆಗೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲವಾದ್ದರಿಂದ, ಹತ್ತು ಹದಿನೈದು ವರ್ಷಗಳ ನಂತರ ವಿನಿಯರ್ ಹಾಳಾದರೆ ಮತ್ತೊಂದನ್ನು ಹಾಕಿಸಲೇಬೇಕು. ಸವೆತ ಎನಾಮಲ್‌ನೊಳಗೇ ಉಳಿದರೆ ಅಂಟು ಗಟ್ಟಿಯಾಗಿ ಹಿಡಿಯುತ್ತದೆ. ಅದರ ಕೆಳಗಿನ ಮೆದು ಪದರವಾದ ಡೆಂಟಿನ್ ತಲುಪಿದರೆ ತಣ್ಣೀರಿಗೂ ಹಲ್ಲು ಜುಮ್ಮೆನ್ನಬಹುದು. ಫ್ಲೋರೋಸಿಸ್ ಆದ ಎನಾಮಲ್ ಆಮ್ಲಕ್ಕೆ ಸುಲಭವಾಗಿ ಕರಗದ ಕಾರಣ ಅಂಟಿಸುವ ಮುನ್ನ ಎಚಿಂಗ್‌ಗೆ (ಅಂಟು ಹಿಡಿಯಲೆಂದು ಆಮ್ಲ ಹಚ್ಚಿ ಹಲ್ಲಿನ ಮೇಲ್ಮೈಯನ್ನು ಒರಟಾಗಿಸುವುದಕ್ಕೆ) ಹೆಚ್ಚು ಹೊತ್ತು ಬೇಕಾಗುವುದುಂಟು. ಇದನ್ನು ವೈದ್ಯರಲ್ಲಿ ಕೇಳಿ.

ನನ್ನ ಅಭಿಪ್ರಾಯದಲ್ಲಿ ಮೊದಲು ಮೈಕ್ರೋಅಬ್ರೇಷನ್ ಆಗಲಿ. ಆಮ್ಲ ಮತ್ತು ಪ್ಯೂಮಿಸ್ ಪುಡಿಯ ಲೇಪದಿಂದ ಮೇಲ್ಪದರವನ್ನಷ್ಟೇ ಉಜ್ಜಿ ತೆಗೆಯುವ ಈ ವಿಧಾನದಲ್ಲಿ ಮೇಲುಮೇಲಿನ ಕಂದು ಕಲೆ ಸಾಕಷ್ಟು ತಿಳಿಯಾಗುತ್ತದೆ. ಗುಳಿ ಬಿದ್ದಿದ್ದರೆ ಮಾತ್ರ ವಿನಿಯರ್ ಯೋಚಿಸಬಹುದು.

ವಿಜಯಪುರದ ಓದುಗ: ನಾನು ಕಾಂಪೋಸಿಟ್ (ಹಲ್ಲಿನ ಬಣ್ಣದ ರಾಳ) ವಿನಿಯರ್ ಹಾಕಿಸಿಕೊಂಡಿದ್ದೇನೆ. ಖರ್ಚು ಕಡಿಮೆ, ಕೆಲಸ ಒಂದೇ ಭೇಟಿಯಲ್ಲಿ ಮುಗಿಯಿತು. ಆದರೆ ಚಹಾದ ಬಣ್ಣ ಹಿಡಿಯುತ್ತದೆ, ಆಗಾಗ ಪಾಲಿಶ್ ಮಾಡಿಸಬೇಕು. ಪಿಂಗಾಣಿಗೆ ಆ ಕಾಟವಿಲ್ಲ. ಯಾವುದೇ ಆಗಲಿ, ಕಬ್ಬನ್ನು ಹಲ್ಲಿನಿಂದ ಸಿಗಿಯುವುದನ್ನು ಬಿಡಬೇಕು (ನಮ್ಮ ಕಡೆಯವರಿಗೆ ಇದೇ ಕಠಿಣ). ಕಟಕ ರೊಟ್ಟಿಯನ್ನೂ ಮುರಿದು ದವಡೆ ಹಲ್ಲಿನಲ್ಲಿ ಅಗಿಯಬೇಕು. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ರಾತ್ರಿ ಗಾರ್ಡ್ (ಮಲಗುವಾಗ ಹಲ್ಲಿಗೆ ಹಾಕುವ ರಕ್ಷಾ ಕವಚ) ಬೇಕಾಗುತ್ತದೆ.

ಹುನಗುಂದದ ಓದುಗ: ಧನ್ಯವಾದಗಳು ಮೇಡಂ. ಖರ್ಚು ಕಡಿಮೆ ಮಾಡಲು ದಾರಿಯಿದೆಯೇ?

ಬಾಗಲಕೋಟೆಯ ದಂತವೈದ್ಯೆ: ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ದಂತ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ಸಾಮಾನ್ಯವಾಗಿ ಖಾಸಗಿ ದವಾಖಾನೆಗಿಂತ ಕಡಿಮೆ ದರವಿರುತ್ತದೆ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ. ಎಲ್ಲೇ ಹೋದರೂ, ಹಲ್ಲು ಸವೆಸುವ ಮೊದಲು ತಾತ್ಕಾಲಿಕ ಮಾದರಿಯನ್ನು ಹಲ್ಲಿನ ಮೇಲಿಟ್ಟು ತೋರಿಸಲು ಕೇಳಿ, ಬಣ್ಣವನ್ನು ಹಗಲು ಬೆಳಕಿನಲ್ಲಿ ನಿಮ್ಮ ತಂಗಿಯೇ ಆರಿಸಲಿ.